ನೆರೆ ಬಂದರೆ ನಮ್ಮ ಮನೆ ತಾಳೀತೇ? ಭೀಮಾ, ಕಾಗಿಣಾ, ಕೃಷ್ಣಾ ತೀರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ ಜಿಲ್ಲೆಗಳ ನದಿತೀರದಲ್ಲಿ ಮತ್ತು ಬೀದರ್‌ನ ಮಾಂಜ್ರಾ ದಂಡೆಯಲ್ಲಿ ಮನೆ ಇರುವವರು, ಗ್ರಾಮ ಪಂಚಾಯಿತಿ ಸದಸ್ಯರು, ಊರಿನ ಮನೆಗಳ ಸಮೀಕ್ಷೆ ಮಾಡಬೇಕೆಂದು ಹೊರಟ ಯುವಕ ಯುವತಿಯರು ಕೇಳುವ ಪ್ರಶ್ನೆಗಳಿವು. ಗೋಡೆ ಕಟ್ಟುವ ಗೌಂಡಿಗೂ ಅರ್ಥವಾಗಬೇಕು, ಎಂಜಿನಿಯರ್ ಕೂಡ ಒಪ್ಪಬೇಕು ಎಂಬ ಎಚ್ಚರದಲ್ಲಿ ಉತ್ತರಿಸಲಾಗಿದೆ.

ಮನೆಯ ತಾಳಿಕೆ ಅಳೆಯುವುದು ಎಂದರೇನು? ನೆರೆ ಬಂದ ಮೇಲೆ ಕಂದಾಯ ಇಲಾಖೆಯವರು ಮಾಡುವ ಹಾನಿ ಸಮೀಕ್ಷೆಯೇ ಸಾಲದೇ?

ಸಾಲದು. ಹಾನಿ ಸಮೀಕ್ಷೆ ಬಿದ್ದದ್ದನ್ನು ಎಣಿಸುತ್ತದೆ. ಎಷ್ಟು ಗೋಡೆ ಕುಸಿದಿದೆ, ಶೇಕಡಾ ಎಷ್ಟು ಹಾನಿ, ಯಾವ ವರ್ಗ ಎಂಬಲ್ಲಿಗೆ ಅದು ಮುಗಿಯುತ್ತದೆ. ಪರಿಹಾರ ಹಂಚಲು ಅದು ಬೇಕೇ ಬೇಕು. ಆದರೆ ಪಕ್ಕದಲ್ಲಿ ಇನ್ನೂ ನಿಂತಿರುವ ಮನೆ ಮುಂದಿನ ನೆರೆಗೆ ನಿಲ್ಲುತ್ತದೆಯೇ ಎಂದು ಅದು ಕೇಳುವುದಿಲ್ಲ. ಬಿದ್ದ ಮನೆಯವರು ಎಷ್ಟು ತಿಂಗಳಿಗೆ ಮತ್ತೆ ತಮ್ಮ ಒಲೆ ಹಚ್ಚಿದರು ಎಂದೂ ಕೇಳುವುದಿಲ್ಲ.

ತಾಳಿಕೆಯ ಅಳತೆಯಲ್ಲಿ ಎರಡು ಭಾಗ. ನೀರು ನಿಂತಾಗ, ಹರಿದಾಗ, ಇಳಿದಾಗ ಮನೆ ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದು ಒಂದು. ಕೆಟ್ಟದ್ದು ಎಷ್ಟು ಬೇಗ ಸರಿಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗೋಡೆ, ಬುನಾದಿ, ಮಾಳಿಗೆ (ಮನೆಯ ಮೇಲ್ಛಾವಣಿ) ನೋಡಬೇಕು. ಎರಡನೆಯದಕ್ಕೆ ಮನೆಯೊಳಗಿನ ಬದುಕನ್ನು, ಅಂದರೆ ಕಾಗದಪತ್ರ, ಕೂಲಿ, ದನಕರು, ಕಾಳಿನ ದಾಸ್ತಾನು, ಸಾಲ, ನೆಂಟರಿಷ್ಟರನ್ನು ನೋಡಬೇಕು. ಇವೆರಡನ್ನೂ ನೆರೆ ಬರುವ ಮೊದಲೇ ಬರೆದಿಡಬೇಕು ಎನ್ನುವುದೇ ಈ ಇಡೀ ಪುಟದ ಒತ್ತಾಯ.

ನಮ್ಮ ಭಾಗದಲ್ಲಿ ನೆರೆ ಎಲ್ಲ ಕಡೆ ಒಂದೇ ರೀತಿ ಬರುತ್ತದೆಯೇ?

ಇಲ್ಲ. ಅಳತೆ ಶುರುವಾಗಬೇಕಾದದ್ದೇ ಇಲ್ಲಿಂದ.

ಭೀಮೆಯ ನೀರು ಬಹುಪಾಲು ಮಹಾರಾಷ್ಟ್ರದಿಂದ ಬರುತ್ತದೆ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಸೀನಾ ನದಿಯ ನೀರೂ ಸೇರಿ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬರುತ್ತದೆ. ಅಲ್ಲಿಂದ ಘತ್ತರಗಿ, ದೇವಲ ಗಾಣಗಾಪುರ, ಜೇವರ್ಗಿ, ಸನ್ನತಿ ದಾಟಿ ಯಾದಗಿರಿಗೆ ಇಳಿಯುತ್ತದೆ. ಈ ನೀರು ಹೇಳಿ ಬರುತ್ತದೆ. ಆದರೆ ಬಂದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಇಲ್ಲಿ ಮನೆಯ ಶತ್ರು ನೆನೆಯುವಿಕೆ.

ಕಾಗಿಣಾ, ಬೆಣ್ಣೆತೊರಾ, ಮುಲ್ಲಾಮಾರಿ ಹಾಗಲ್ಲ. ಚಿಂಚೋಳಿ, ಸೇಡಂ, ಕಮಲಾಪುರದ ಕಡೆ ರಾತ್ರಿ ಜೋರು ಮಳೆಯಾದರೆ ಬೆಳಗಾಗುವುದರೊಳಗೆ ಹಳ್ಳ ಊರೊಳಗೆ ಬಂದಿರುತ್ತದೆ. ಬೇಗ ಬಂದು ಬೇಗ ಹೋಗುವ ಈ ನೀರಿಗೆ ಸೆಳೆತ ಹೆಚ್ಚು. ಇಲ್ಲಿ ಮನೆಯ ಶತ್ರು ಕೊರೆತ. ಮಳಖೇಡದಂಥ ಊರಿನಲ್ಲಿ ಹಳೆಯ ಕೋಟೆಯ ಪಕ್ಕದಲ್ಲೇ ಕಾಗಿಣಾ ಉಕ್ಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೃಷ್ಣೆಯದು ಮೂರನೆಯ ಬಗೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಸೇತುವೆಗಳು ಮುಳುಗುತ್ತವೆ. ಮನೆ ಒಣಗಿಯೇ ಇರುತ್ತದೆ, ದಾರಿ ಇರುವುದಿಲ್ಲ. ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಜನ ಎಷ್ಟೋ ಮಳೆಗಾಲಗಳಲ್ಲಿ ಅನುಭವಿಸಿದ್ದು ಇದನ್ನೇ. ಗೋಡೆ ಗಟ್ಟಿಯಿದ್ದೂ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಲಾಗದ ಮನೆಗೆ ಪೂರ್ಣ ಅಂಕ ಕೊಡಲು ಬರುವುದಿಲ್ಲ.

ಬೀದರ್‌ನಲ್ಲಿ ಮಾಂಜ್ರಾ ನದಿಯನ್ನು ನೋಡಬೇಕು. ಧನೇಗಾಂವ್ ಜಲಾಶಯದ ನೀರು, ಸ್ಥಳೀಯ ಮಳೆ ಎರಡೂ ಒಟ್ಟಿಗೆ ಬಂದಾಗ ಔರಾದ್, ಭಾಲ್ಕಿ ಕಡೆಯ ದಂಡೆಯ ಊರುಗಳಿಗೆ ತೊಂದರೆ. ಬೀದರ್ ಪಟ್ಟಣ ಮಾತ್ರ ಜಂಬಿಟ್ಟಿಗೆಯ ಎತ್ತರದ ನೆಲದ ಮೇಲಿದೆ.

ನಮ್ಮ ಮನೆ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿದೆಯೇ ಎಂದು ತಿಳಿಯುವುದು ಹೇಗೆ?

ಊರಿನ ಹಿರಿಯರನ್ನು ಕರೆದುಕೊಂಡು ಹೊರಡಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತ್ತು. ಕೃಷ್ಣಾ ತೀರದಲ್ಲಿ 2019ರ ಆಗಸ್ಟ್, ಭೀಮಾ ತೀರದಲ್ಲಿ 2020ರ ಅಕ್ಟೋಬರ್ ಎಲ್ಲರಿಗೂ ನೆನಪಿದೆ. ಗುಡಿಯ ಯಾವ ಮೆಟ್ಟಿಲಿನವರೆಗೆ ನೀರು ಬಂದಿತ್ತು, ಶಾಲೆಯ ಕಿಟಕಿ ಮುಳುಗಿತ್ತೇ, ಯಾರ ಮನೆಯ ಕಟ್ಟೆಗೆ ನೀರು ತಾಗಿ ನಿಂತಿತು ಎಂದು ಕೇಳಿ. ಒಬ್ಬರ ಮಾತು ಸಾಲದು. ಇಬ್ಬರು ಮೂವರು ಬೇರೆ ಬೇರೆಯಾಗಿ ಅದೇ ಗುರುತು ತೋರಿಸಿದರೆ ಅಲ್ಲಿ ಬಣ್ಣದ ಗೆರೆ ಎಳೆಯಿರಿ, ವರ್ಷ ಬರೆಯಿರಿ.

ಆ ಗೆರೆಯಿಂದ ಪ್ರತಿ ಮನೆಯ ಹೊಸ್ತಿಲಿಗೆ ಮಟ್ಟ ಒಯ್ಯಲು ದುಬಾರಿ ಯಂತ್ರ ಬೇಡ. ಗೌಂಡಿಗಳು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರಬಾರದು, ಅಷ್ಟೇ. ಮನೆಯಿಂದ ಮನೆಗೆ ಸರಿಯುತ್ತಾ ಹೋದರೆ ಒಂದು ಓಣಿಯ ಎಲ್ಲ ಹೊಸ್ತಿಲುಗಳು ನೆರೆಯ ಗೆರೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬ ಪಟ್ಟಿ ಸಿದ್ಧವಾಗುತ್ತದೆ. ಮೊಬೈಲ್ ಫೋನ್ ತೋರಿಸುವ ಎತ್ತರವನ್ನು ಈ ಕೆಲಸಕ್ಕೆ ನಂಬಬೇಡಿ. ಅದು ಕೆಲವು ಮೀಟರುಗಳಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ, ನಮಗೆ ಬೇಕಾದದ್ದು ಗೇಣಿನ ಲೆಕ್ಕ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಪ್ರವಾಹ ಮಾರ್ಗಸೂಚಿ ಮನೆಯ ನೆಲಗಟ್ಟು ಮುಳುಗಡೆಯ ಗೆರೆಗಿಂತ 0.6 ಮೀಟರ್, ಅಂದರೆ ಸುಮಾರು ಎರಡು ಅಡಿ ಮೇಲಿರಬೇಕು ಎನ್ನುತ್ತದೆ. ಹೊಸ ಮನೆ ಕಟ್ಟುವವರು ಇದೊಂದನ್ನು ಮಾತ್ರ ಪಾಲಿಸಿದರೂ ಅರ್ಧ ಚಿಂತೆ ಕಳೆಯುತ್ತದೆ. ರಸ್ತೆಯಿಂದ ಎರಡು ಅಡಿ ಎತ್ತರಿಸಿದೆವು ಎಂದರೆ ಸಾಲದು. ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೊಂದು ಕಾಂಕ್ರೀಟ್ ರಸ್ತೆ ಹಾಕಿ ಹಾಕಿ ಎಷ್ಟೋ ಮನೆಗಳ ಹೊಸ್ತಿಲು ಈಗ ರಸ್ತೆಗಿಂತ ಕೆಳಗಿದೆ. ಆದ್ದರಿಂದ ಎತ್ತರದ ಲೆಕ್ಕ ನೆರೆಯ ಗೆರೆಯಿಂದಲೇ ಆಗಬೇಕು.

25 ವರ್ಷಕ್ಕೊಮ್ಮೆ ಬರುವ ನೆರೆ 2020ರಲ್ಲಿ ಬಂದು ಹೋಯಿತಲ್ಲ, ಇನ್ನು ನಿಶ್ಚಿಂತೆ ಅಲ್ಲವೇ?

ಅಲ್ಲ. ಆ ಮಾತಿನ ಅರ್ಥ, ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ಶೇ 4 ಎಂದು. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಶೇ 4 ಆಗಿಯೇ ಉಳಿಯುತ್ತದೆ. 30 ವರ್ಷ ಬಾಳುವ ಮನೆ ಅಂಥ ಒಂದಾದರೂ ನೆರೆ ಕಾಣುವ ಸಾಧ್ಯತೆ ಶೇ 70 ಮೀರುತ್ತದೆ. ಮಗನ ಮದುವೆಗೆಂದು ಕಟ್ಟುವ ಮನೆ ಮೊಮ್ಮಕ್ಕಳ ಕಾಲದೊಳಗೆ ನೆರೆ ಕಾಣುತ್ತದೆ ಎಂದುಕೊಂಡೇ ಬುನಾದಿ ತೋಡಬೇಕು.

ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ನಮ್ಮ ಹಳೆಯ ಮನೆ ಮೂರು ತಲೆಮಾರು ನಿಂತಿದೆ. ಅದನ್ನು ದುರ್ಬಲ ಎನ್ನುವುದೇಕೆ?

ಆ ಮನೆ ಬಿಸಿಲಿಗೆ ಕಟ್ಟಿದ್ದು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಕೊಡುವ ತಂಪನ್ನು ತಗಡಾಗಲಿ ಕಾಂಕ್ರೀಟಾಗಲಿ ಕೊಡುವುದಿಲ್ಲ. ಅದನ್ನು ಕಟ್ಟಿದವರು ದಡ್ಡರಾಗಿರಲಿಲ್ಲ. ಆದರೆ ನಿಂತ ನೀರಿಗೆ ಆ ಕಟ್ಟೋಣ ಹೊಂದುವುದಿಲ್ಲ. ಕಾರಣ ಮೂರು.

ಮೊದಲನೆಯದು ಗಾರೆ. ಶಹಾಬಾದಿನ ಕಲ್ಲೇ ಇರಲಿ, ಕರಿಕಲ್ಲೇ ಇರಲಿ, ಕಲ್ಲಿಗೆ ನೀರಿನಿಂದ ಏನೂ ಆಗುವುದಿಲ್ಲ. ಕಲ್ಲುಗಳ ನಡುವಿನ ಮಣ್ಣು ನೆನೆದು ಮೆತ್ತಗಾಗಿ ಹೊರಗೆ ಹರಿಯುತ್ತದೆ. ಎರಡನೆಯದು ಗೋಡೆಯ ಒಡಲು. ಎರಡು ಅಡಿ ದಪ್ಪದ ಗೋಡೆ ಎಂದರೆ ಒಳಗೊಂದು, ಹೊರಗೊಂದು ಕಲ್ಲಿನ ಮುಖ, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಕಲ್ಲು ಅಲ್ಲಲ್ಲಿ ಇಲ್ಲದಿದ್ದರೆ ನೆನೆದ ಒಡಲು ಉಬ್ಬಿ ಹೊರಮುಖವನ್ನು ತಳ್ಳುತ್ತದೆ. ಮೂರನೆಯದು ಮಾಳಿಗೆಯ ಭಾರ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದು ಅಡಿ ಮಣ್ಣು ಹೊದಿಸಿದ್ದರೆ ತೊಲೆ, ಜಂತೆಗಳು ಐದು ಟನ್‌ಗೂ ಮೀರಿದ ಭಾರ ಹೊತ್ತಿರುತ್ತವೆ. ಮಳೆ ಹಿಡಿದರೆ ಅದು ಇನ್ನೂ ಹೆಚ್ಚುತ್ತದೆ. ಪ್ರತಿ ವರ್ಷ ಸೋರುವಲ್ಲಿಗೆ ಹೊಸ ಮಣ್ಣು ಹಾಕಿ, ಹಳೆಯದನ್ನು ತೆಗೆಯದೆ ಬಿಟ್ಟ ಮನೆಗಳಲ್ಲಿ ಮಾಳಿಗೆ ಒಂದೂವರೆ ಅಡಿ ದಪ್ಪವಾಗಿರುವುದೂ ಉಂಟು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಪಕ್ಕದ, ಮಹಾರಾಷ್ಟ್ರದ ಕಿಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು 10,000 ಜನ ಸತ್ತದ್ದು ಇಂಥ ಮನೆಗಳ ಕೆಳಗೇ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಮನೆಯ ಹೊರಗೆ ಮಲಗಬೇಕಾಯಿತು. ಕಂಪನಕ್ಕೂ ನೆರೆಗೂ ಈ ಮನೆಯ ದೌರ್ಬಲ್ಯ ಒಂದೇ ಆದ್ದರಿಂದ ಅಡ್ಡಕಲ್ಲು ಸೇರಿಸುವುದು, ಮಾಳಿಗೆಯ ಭಾರ ಇಳಿಸುವುದು ಎರಡಕ್ಕೂ ಆಗುವ ಕೆಲಸ.

ಗೋಡೆ ಗಟ್ಟಿಯಿದೆಯೇ ಎಂದು ನಾವೇ ಪರೀಕ್ಷಿಸಬಹುದೇ?

ಮೇಲ್ನೋಟದ ಪರೀಕ್ಷೆ ಖಂಡಿತ ಮಾಡಬಹುದು. ದಾರಕ್ಕೆ ಗುಂಡು ಕಟ್ಟಿ ಮಾಳಿಗೆಯ ಅಂಚಿನಿಂದ ಇಳಿಬಿಡಿ. ನಡುವೆ ಗೋಡೆ ದಾರವನ್ನು ತಳ್ಳುತ್ತಿದ್ದರೆ ಹೊಟ್ಟೆ ಬಂದಿದೆ ಎಂದು ಅರ್ಥ. ಎಷ್ಟು ಬೆರಳು ಎಂದು ಬರೆದುಕೊಳ್ಳಿ. ನೆಲದಿಂದ ಒಂದು ಗೇಣು, ಎರಡು ಗೇಣು, ಮೊಳ ಎತ್ತರದಲ್ಲಿ ಕಲ್ಲಿನ ಸಂದಿಗೆ ಮೊಳೆ ಚುಚ್ಚಿ ನೋಡಿ. ಮೊಳೆ ಬೆರಳಿನ ಒತ್ತಡಕ್ಕೇ ಸರಾಗವಾಗಿ ಒಳಹೋದರೆ ಅಲ್ಲಿ ಗಾರೆ ಹೋಗಿದೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಪುಡಿ ಕಾಣುತ್ತದೆಯೇ ನೋಡಿ. ಅದು ನೆಲದ ತೇವ ಗೋಡೆಗೆ ಏರುತ್ತಿರುವ ಗುರುತು.

ಮೂಲೆಗಳನ್ನು ಬಿಡಬೇಡಿ. ಎರಡು ಗೋಡೆ ಕೂಡುವಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿರಬೇಕು. ಮಾಳಿಗೆಯಿಂದ ನೆಲದವರೆಗೆ ನೇರ ಬಿರುಕು ಬಿಟ್ಟ ಮೂಲೆ ಅತ್ಯಂತ ಅಪಾಯಕಾರಿ. ಒಳಗೆ ಬಂದು ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗವನ್ನು ಚಾಕುವಿನಿಂದ ಕೆದಕಿ. ಗೆದ್ದಲು, ಕೊಳೆತ ಎರಡೂ ಮೊದಲು ಹಿಡಿಯುವುದು ಅಲ್ಲಿಯೇ. ಸುಣ್ಣ ಬಳಿದು ಚೆಂದ ಕಾಣುವ ಮನೆಯಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು.

ನೀರು ಇಳಿದ ಮೇಲೆ ಮನೆ ಬೀಳುವುದೇಕೆ? ನೆರೆಯಲ್ಲಿ ನಿಂತ ಮನೆ ನಾಲ್ಕು ದಿನದ ನಂತರ ಬಿದ್ದದ್ದನ್ನು ನೋಡಿದ್ದೇವೆ.

ನೀರು ಗೋಡೆಯ ಎರಡೂ ಬದಿ ಸಮನಾಗಿ ನಿಂತಿರುವಾಗ ಒತ್ತಡ ಒಂದನ್ನೊಂದು ಸರಿದೂಗಿಸುತ್ತದೆ. ಹೊರಗಿನ ನೀರು ಬೇಗ ಇಳಿದು ಗೋಡೆಯ ಒಡಲಿನ ನೀರು ಒಳಗೇ ಉಳಿದಾಗ ಅದು ಹೊರಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಗಾರೆ ಮೆತ್ತಗಾಗಿರುತ್ತದೆ, ಬುನಾದಿಯ ಕೆಳಗಿನ ಮಣ್ಣು ನೆನೆದು ಬಲ ಕಳೆದುಕೊಂಡಿರುತ್ತದೆ. ಮೇಲೆ ಮಾಳಿಗೆಯ ಭಾರ ಇದ್ದೇ ಇದೆ. ಬಿಸಿಲು ಬಂದು ಎರೆಮಣ್ಣು ಬಿರಿಯತೊಡಗಿದಾಗ ನೆಲ ಒಂದೊಂದು ಕಡೆ ಒಂದೊಂದು ರೀತಿ ಇಳಿದು ಗೋಡೆ ಸೀಳುತ್ತದೆ.

ಆದ್ದರಿಂದ ನೀರು ಇಳಿದ ಮರುದಿನ ಮಾಡಿದ ಒಂದೇ ಸಮೀಕ್ಷೆಯನ್ನು ಕೊನೆಯ ಮಾತೆಂದು ಭಾವಿಸುವುದು ಅನ್ಯಾಯ. ಎರಡು ಮೂರು ವಾರದ ನಂತರ ಇನ್ನೊಮ್ಮೆ ನೋಡಲೇಬೇಕು. ಆ ಎರಡನೆಯ ಸಮೀಕ್ಷೆಗೆ ಪಂಚಾಯಿತಿ ಸದಸ್ಯರು ಲಿಖಿತವಾಗಿ ಒತ್ತಾಯಿಸಬೇಕು. ತಡವಾಗಿ ಬಿದ್ದ ಮನೆಯವರು ಪಟ್ಟಿಯಿಂದ ಹೊರಗುಳಿದರೆ ಅವರ ನೋವಿಗೆ ದಾಖಲೆಯೇ ಇರುವುದಿಲ್ಲ.

ಬಾಗಿಲಿಗೆ ಮರಳಿನ ಚೀಲ ಒಟ್ಟಿ ನೀರನ್ನು ಹೊರಗೇ ತಡೆಯಬೇಕೇ?

ಗೇಣು, ಮೊಳದಷ್ಟು ನೀರಿಗೆ ಸರಿ. ಅದಕ್ಕಿಂತ ಏರಿದರೆ ಬೇಡ. ಒಂದು ಮೀಟರ್ ನೀರು ಒಂದೇ ಬದಿಗೆ ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ತೂಕದಷ್ಟು ತಳ್ಳುತ್ತದೆ. ಎರಡು ಮೀಟರ್ ಆದರೆ 2,000 ಕಿಲೋ. ಆಳ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟು. ಮಣ್ಣಿನ ಗಾರೆಯ ಗೋಡೆ ಅದನ್ನು ತಾಳುವುದಿಲ್ಲ. ಸಾಮಾನು ಮೇಲೇರಿಸಿ, ವಿದ್ಯುತ್ ಬಂದ್ ಮಾಡಿ, ದನಗಳನ್ನು ಬಿಚ್ಚಿ, ಬಾಗಿಲು ತೆರೆದು ಹೊರಟುಬಿಡುವುದೇ ಗೋಡೆಗೂ ಜೀವಕ್ಕೂ ಕ್ಷೇಮ.

ಆರ್‌ಸಿಸಿ ಮನೆಯಾದರೆ ಚಿಂತೆ ಇಲ್ಲ ತಾನೇ?

ಚಿಂತೆ ಬೇರೆಯದು. ಕಂಬ, ತೊಲೆ, ಸ್ಲ್ಯಾಬ್ ಸರಿಯಾಗಿದ್ದರೆ ಮನೆ ನಿಲ್ಲುತ್ತದೆ. ಆದರೆ ನಮ್ಮದು ಎರೆಭೂಮಿ. ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವ ಈ ಮಣ್ಣಿನಲ್ಲಿ ಮೂರಡಿ ತೋಡಿ ನಿಲ್ಲಿಸಿದ ಬುನಾದಿ ಪ್ರತಿ ವರ್ಷವೂ ಅಲುಗಾಡುತ್ತಿರುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ತಳದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿದೆ. ಅದು ಆಗದಿದ್ದರೆ ಎರೆಮಣ್ಣು ದಾಟಿ ಗರಸು ಸಿಗುವವರೆಗೆ ತೋಡಬೇಕು. ಹಾಗೆಯೇ ಸುತ್ತಲಿನ ಮಣ್ಣಿಗೆ ನೀರು ಇಳಿಯದಂತೆ ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಪರಸಿ (ಹಾಸುಗಲ್ಲು) ಹಾಸಬೇಕು. ಪರಸಿ ನಮ್ಮ ಕಡೆ ಅಗ್ಗವಾಗಿ ಸಿಗುವ ವಸ್ತು. ಅದನ್ನು ನಡುಮನೆಗೆ ಮಾತ್ರ ಹಾಸಿ ಹೊರಗೆ ಬಿಡುವುದು ನಷ್ಟ.

ಇನ್ನೊಂದು ಮಾತು. ಹಲವು ಆರ್‌ಸಿಸಿ ಮನೆಗಳಲ್ಲಿ ಮೀಟರ್, ಪ್ಲಗ್ಗುಗಳು ಸೊಂಟದ ಎತ್ತರದಲ್ಲಿರುತ್ತವೆ, ಮಾಳಿಗೆಗೆ ಮೆಟ್ಟಿಲೇ ಇರುವುದಿಲ್ಲ. ನೆರೆಯ ರಾತ್ರಿ ಮೇಲೆ ಹತ್ತಲು ದಾರಿ ಇಲ್ಲದ ಗಟ್ಟಿ ಮನೆಯಿಂದ ಏನು ಪ್ರಯೋಜನ? ಮೆಟ್ಟಿಲನ್ನು ಮುಂದೆ ಹಣ ಬಂದಾಗ ಕಟ್ಟುವ ಕೆಲಸವೆಂದು ಬದಿಗಿಡಬೇಡಿ.

ತಗಡಿನ ಮನೆ, ಜೋಪಡಿಗಳನ್ನು ಹೇಗೆ ಅಳೆಯುವುದು?

ಬೀಳುವುದು ಬೇಗ, ಎದ್ದು ನಿಲ್ಲುವುದೂ ಬೇಗ. ತಗಡು ಕೊಚ್ಚಿಹೋಗದಂತೆ ಕಟ್ಟಿದೆಯೇ, ಕಂಬ ನೆಲದಲ್ಲಿ ಆಳವಾಗಿ ಹೂತಿದೆಯೇ ನೋಡಿ. ಇಲ್ಲಿ ಮುಖ್ಯವಾದದ್ದು ಗೋಡೆಗಿಂತ ಒಳಗಿನ ಪೆಟ್ಟಿಗೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲಿರುತ್ತವೆ.

ಮನೆಗೆ ಅಂಕ ಕೊಡುವುದು ಹೇಗೆ?

ದೇಶಮಟ್ಟದಲ್ಲಿ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ ಪ್ರಕಟಿಸುವ ಅಪಾಯ ನಕಾಶೆಪುಸ್ತಕವಿದೆ. 1997, 2006, 2019ರಲ್ಲಿ ಅದರ ಮೂರು ಆವೃತ್ತಿಗಳು ಬಂದಿವೆ. ಅದು ಮನೆಗಳನ್ನು ಗೋಡೆಯ ಸಾಮಗ್ರಿಯಿಂದ ವಿಂಗಡಿಸಿ ಜಿಲ್ಲಾವಾರು ಪಟ್ಟಿ ಕೊಡುತ್ತದೆ. ಮಣ್ಣು, ಸುಡದ ಇಟ್ಟಿಗೆ, ಕಲ್ಲಿನ ಗೋಡೆ ಒಂದು ವರ್ಗ, ಸುಟ್ಟ ಇಟ್ಟಿಗೆ ಇನ್ನೊಂದು, ಕಾಂಕ್ರೀಟ್ ಮತ್ತೊಂದು. ಜಿಲ್ಲೆಯ ಚಿತ್ರಕ್ಕೆ ಅದು ಉಪಯುಕ್ತ. ನಿಮ್ಮ ಓಣಿಗೆ ಅದು ಸಾಲದು. ಒಂದೇ ಓಣಿಯ ಎರಡು ಕಲ್ಲಿನ ಮನೆಗಳಲ್ಲಿ ಒಂದು ನಿಂತು ಇನ್ನೊಂದು ಬೀಳುವುದು ಹೊಸ್ತಿಲಿನ ಎತ್ತರ, ಅಡ್ಡಕಲ್ಲು, ಮಾಳಿಗೆಯ ಭಾರದ ವ್ಯತ್ಯಾಸದಿಂದ.

ಊರಿನ ಸಮೀಕ್ಷೆಗೆ ಜಾಗ, ಹೊಸ್ತಿಲ ಎತ್ತರ, ಬುನಾದಿ, ಗೋಡೆ, ಮಾಳಿಗೆ, ತಪ್ಪಿಸಿಕೊಳ್ಳುವ ದಾರಿ, ಕಾಗದಪತ್ರ, ಕುಟುಂಬದ ಕೈಬಲ ಎಂದು ಎಂಟು ಅಂಶ ಸಾಕು. ಒಂದೊಂದಕ್ಕೆ 0ರಿಂದ 3ರವರೆಗೆ ಅಂಕ ಕೊಡಿ. ಆದರೆ ಕೊನೆಗೆ ಸರಾಸರಿ ಹಾಕಬೇಡಿ! ಎಲ್ಲ ಕಡೆ 3 ಇದ್ದು ಬುನಾದಿಗೆ 0 ಬಂದ ಮನೆಯ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಮನೆ ಮಾತ್ರ ಬೀಳುತ್ತದೆ. ಕಟ್ಟಡದ ಅಂಶಗಳಲ್ಲಿ ಅತಿ ಕಡಿಮೆ ಅಂಕ ಯಾವುದೋ ಅದೇ ಆ ಮನೆಯ ಅಂಕ. ಹೀಗೆ ಬರೆದರೆ ಮೊದಲು ಯಾವುದನ್ನು ಸರಿಪಡಿಸಬೇಕು ಎಂಬುದೂ ಅದೇ ಹಾಳೆಯಲ್ಲಿ ಕಾಣುತ್ತದೆ.

ಚೇತರಿಕೆಯನ್ನು ಅಳೆಯಲು ಬರುತ್ತದೆಯೇ? ಅದು ಹಣೆಬರಹಕ್ಕೆ ಬಿಟ್ಟದ್ದಲ್ಲವೇ?

ಅಳೆಯಲು ಬರುತ್ತದೆ, ತಾರೀಖುಗಳಿಂದ. ನೀರು ಮನೆ ಹೊಕ್ಕ ದಿನ, ಬಿಟ್ಟುಹೋದ ದಿನ, ಕೆಸರು ಬಳಿದು ಮುಗಿದ ದಿನ, ಸ್ವಂತ ಅಡುಗೆಮನೆಯಲ್ಲಿ ಮೊದಲ ಸಲ ರೊಟ್ಟಿ ಸುಟ್ಟ ದಿನ, ಎಲ್ಲರೂ ಒಟ್ಟಿಗೆ ಒಳಗೆ ಮಲಗಿದ ರಾತ್ರಿ, ಕರೆಂಟು ಬಂದ ದಿನ, ಮಕ್ಕಳು ಶಾಲೆಗೆ ಮರಳಿದ ದಿನ, ಪರಿಹಾರದ ಪ್ರತಿ ಕಂತು ಖಾತೆಗೆ ಬಿದ್ದ ದಿನ, ಗೋಡೆ ಎದ್ದ ದಿನ, ಮಾಡಿದ ಸಾಲ ತೀರಿದ ದಿನ. ಇಷ್ಟು ಬರೆದಿಟ್ಟರೆ ಒಂದು ಮನೆಯ ಚೇತರಿಕೆ ಕಣ್ಣಿಗೆ ಕಾಣುತ್ತದೆ. ನಷ್ಟದ ಆಳ ಎಷ್ಟು, ಅದು ಎಷ್ಟು ಕಾಲ ಎಳೆಯಿತು ಎಂಬುದನ್ನು ಒಟ್ಟಿಗೆ ನೋಡಬೇಕು ಎಂದು ಈ ವಿಷಯ ಬಲ್ಲವರು ಹೇಳುವುದರ ಅರ್ಥ ಇದೇ.

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದರ ಎರಡು ಗೋಡೆ ಬಿದ್ದಿವೆ. ಅಣ್ಣತಮ್ಮಂದಿರು ಅದೇ ಊರಲ್ಲಿದ್ದಾರೆ, ಎತ್ತರದ ಹೊಲದಲ್ಲಿ ತೊಗರಿ ಉಳಿದಿದೆ, ಎಮ್ಮೆ ಬದುಕಿದೆ. ಇನ್ನೊಂದು ಆರ್‌ಸಿಸಿ ಮನೆ, ಗೋಡೆಗೆ ಬಿರುಕೂ ಇಲ್ಲ. ಆದರೆ ಕಟ್ಟಲು ಮಾಡಿದ ಸಾಲದ ಬಡ್ಡಿ ಓಡುತ್ತಿದೆ, ಹತ್ತಿ ಕೊಳೆತಿದೆ, ಹಾಲು ಕೊಡುತ್ತಿದ್ದ ಎಮ್ಮೆ ಕೊಚ್ಚಿಹೋಗಿದೆ. ಹಾನಿ ಸಮೀಕ್ಷೆಯ ಪ್ರಕಾರ ಎರಡನೆಯದಕ್ಕೆ ನಷ್ಟವೇ ಇಲ್ಲ. ಯುಗಾದಿಯ ಹೊತ್ತಿಗೆ ಗುಳೆ ಹೋಗಿ ಬೀಗ ಬಿದ್ದಿರುವುದು ಮಾತ್ರ ಅದೇ ಮನೆಗೆ.

ನಮ್ಮ ಭಾಗದ ನೆರೆಗೆ ಒಂದು ಕೆಟ್ಟ ಗುಣವಿದೆ. ಅದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುತ್ತದೆ. ಹೆಸರು, ಉದ್ದಿನ ದುಡ್ಡು ಅಷ್ಟರಲ್ಲಿ ಖರ್ಚಾಗಿರುತ್ತದೆ. ತೊಗರಿಯ ರಾಶಿ ಡಿಸೆಂಬರ್, ಜನವರಿಗೆ. ನಡುವಿನ ಎರಡು ಮೂರು ತಿಂಗಳು ಕೈ ಪೂರ್ತಿ ಖಾಲಿ. ಮನೆ ಎಬ್ಬಿಸಬೇಕಾದದ್ದು ಆ ತಿಂಗಳುಗಳಲ್ಲೇ. ಗೌಂಡಿಗಳು ಬೆಂಗಳೂರು, ಹೈದರಾಬಾದಿಗೆ ಹೋಗಿರುತ್ತಾರೆ, ಉಳಿದವರ ಕೂಲಿ ಏರಿರುತ್ತದೆ, ಊರಿಗೆ ಊರೇ ಕಲ್ಲು, ಮರಳು ಕೇಳುವಾಗ ಅವುಗಳ ಬೆಲೆಯೂ ಏರುತ್ತದೆ. ಆದ್ದರಿಂದ ಕುಟುಂಬದ ಕೈಬಲಕ್ಕೆ ಅಂಕ ಕೊಡುವಾಗ ವರ್ಷದ ಆದಾಯ ಕೇಳಬೇಡಿ. ಅಕ್ಟೋಬರ್‌ನಲ್ಲಿ ಕೈಯಲ್ಲಿ ಏನಿರುತ್ತದೆ ಎಂದು ಕೇಳಿ.

ಕಾಳಿನ ವಿಷಯವನ್ನೂ ಬರೆದುಕೊಳ್ಳಿ. ಹಳೆಯ ಮನೆಗಳಲ್ಲಿ ಇನ್ನೂ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇದ್ದರೆ ಅದಕ್ಕೆ ನೀರು ಇಳಿದ ಮೇಲೆ ಜೋಳ ನೆನೆದು, ಮೊಳೆತು, ಹುಳಿ ವಾಸನೆ ಹಿಡಿದು ದನಕ್ಕೂ ಬಾರದಂತಾಗುತ್ತದೆ. ವರ್ಷದ ಅನ್ನ ಒಂದೇ ರಾತ್ರಿ ಹೋದ ಮನೆಗೂ, ಕಾಳನ್ನು ಅಟ್ಟದ ಮೇಲಿಟ್ಟ ಮನೆಗೂ ಚೇತರಿಕೆಯಲ್ಲಿ ಅಜಗಜಾಂತರ.

ಈ ಪ್ರಶ್ನೆಗಳನ್ನು ಮನೆಯಲ್ಲಿ ಯಾರಿಗೆ ಕೇಳಬೇಕು?

ಗೋಡೆಯ ಪ್ರಶ್ನೆ ಯಾರಿಗಾದರೂ ಕೇಳಿ. ಚೇತರಿಕೆಯ ಪ್ರಶ್ನೆಗಳನ್ನು ಹೆಣ್ಣುಮಕ್ಕಳಿಗೇ ಕೇಳಬೇಕು. ಕಟ್ಟಿಗೆ ಎಷ್ಟು ದಿನ ಒಣಗಲಿಲ್ಲ, ಕುಡಿಯುವ ನೀರು ಎಲ್ಲಿಂದ ತಂದರು, ಕಾಳಜಿ ಕೇಂದ್ರದಲ್ಲಿ (ನೆರೆ ಸಂತ್ರಸ್ತರ ತಾತ್ಕಾಲಿಕ ಶಿಬಿರದಲ್ಲಿ) ಶೌಚಕ್ಕೆ ಎಲ್ಲಿ ಹೋದರು, ಯಾವ ಒಡವೆ ಅಡವಿಟ್ಟರು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ. ಗಂಡಸರು ಕಟ್ಟೆಯ ಮೇಲೆ ಕುಳಿತು ಉತ್ತರ ಹೇಳಿ ಕಳಿಸುವ ಸಮೀಕ್ಷೆ ಅರ್ಧ ಸಮೀಕ್ಷೆ. ತಂಡದಲ್ಲಿ ಆಶಾ ಕಾರ್ಯಕರ್ತೆ ಅಥವಾ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಇದ್ದರೆ ಈ ಮಾತುಗಳು ತಾನಾಗಿ ಹೊರಬರುತ್ತವೆ.

ಎ, ಬಿ, ಸಿ ವರ್ಗ ಎಂದರೇನು? ಎಷ್ಟು ಪರಿಹಾರ ಸಿಗುತ್ತದೆ?

2019ರ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಯನ್ನು ಮೂರು ವರ್ಗ ಮಾಡಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, ಶೇ 25ರಿಂದ 75 ಬಿ, ಶೇ 15ರಿಂದ 25 ಸಿ. ಆಗ ಪೂರ್ಣ ಬಿದ್ದ ಮನೆಗೆ 5 ಲಕ್ಷ, ದುರಸ್ತಿಯಾಗಬಲ್ಲ ಬಿ ವರ್ಗಕ್ಕೆ 3 ಲಕ್ಷ, ಸಿ ವರ್ಗಕ್ಕೆ 50,000 ರೂಪಾಯಿ ನಿಗದಿಯಾಗಿತ್ತು. ಕೇಂದ್ರದ 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಬಯಲು ಸೀಮೆಯ ಪೂರ್ಣ ಹಾನಿಗೆ 1,20,000, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000 ರೂಪಾಯಿ ನಿಗದಿಯಾಗಿತ್ತು. ನಿಮಗೆ ಅನ್ವಯಿಸುವುದು ಆಯಾ ವರ್ಷದ ಸರ್ಕಾರಿ ಆದೇಶ. ಅದರ ಪ್ರತಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ ನೋಡಿ.

ಅಂಕಿಗಳನ್ನು ಗಮನಿಸಿದರೆ ಒಂದು ವಿಷಯ ಎದ್ದು ಕಾಣುತ್ತದೆ. ವರ್ಗ ಒಂದು ಮೆಟ್ಟಿಲು ಇಳಿದರೆ ಕುಟುಂಬಕ್ಕೆ ಲಕ್ಷಗಳ ವ್ಯತ್ಯಾಸ. ಶೇ 24ಕ್ಕೂ 26ಕ್ಕೂ ನಡುವೆ ಗೆರೆ ಎಳೆಯುವುದು ಒಬ್ಬ ಎಂಜಿನಿಯರ್ ಕೆಲವೇ ನಿಮಿಷ ನೋಡಿ ಹೇಳುವ ಮಾತಿನಿಂದ. ನೆರೆಗೆ ಮೊದಲೇ ಮನೆಯ ನಾಲ್ಕೂ ಬದಿಯ, ಒಳಗಿನ ಪ್ರತಿ ಕೋಣೆಯ, ಮಾಳಿಗೆಯ ಚಿತ್ರ ತಾರೀಖಿನೊಂದಿಗೆ ಇದ್ದರೆ ಆ ಮಾತನ್ನು ಪ್ರಶ್ನಿಸಲು ಆಧಾರ ಇರುತ್ತದೆ. ಚಿತ್ರಗಳನ್ನು ಊರ ಹೊರಗಿನ ನೆಂಟರೊಬ್ಬರ ಮೊಬೈಲ್‌ಗೂ ಕಳಿಸಿಡಿ.

ಮನೆ ನಮ್ಮದೇ, ಹಕ್ಕುಪತ್ರ ಇಲ್ಲ. ಸಮೀಕ್ಷೆಯಲ್ಲಿ ಸೇರಿಸಬಹುದೇ?

ಸೇರಿಸಲೇಬೇಕು. ಗೋಡೆ ಗಟ್ಟಿಯಿದ್ದೂ ಕಾಗದವಿಲ್ಲದ ಮನೆ ಚೇತರಿಕೆಯಲ್ಲಿ ಕಟ್ಟಕಡೆಗೆ ನಿಲ್ಲುತ್ತದೆ. ಕಂದಾಯ ಗ್ರಾಮವೆಂದು ದಾಖಲಾಗದ ತಾಂಡಾ, ಹಟ್ಟಿಗಳ ಕಷ್ಟ ದೀರ್ಘಕಾಲದ್ದು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಇಂಥ ಜನವಸತಿಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸುವ ಕಾರ್ಯಕ್ರಮಕ್ಕೆ ಚಾಲನೆ ನೀಡಿದರು. ನಿಮ್ಮ ತಾಂಡಾ ಆ ಪಟ್ಟಿಯಲ್ಲಿದೆಯೇ, ಪಂಚಾಯಿತಿಯ ‘ಇ-ಸ್ವತ್ತು’ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ ಮನೆ ಏರಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಿ. ಮನೆ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸಾ ಬದಲಾವಣೆಯನ್ನು ಈಗಲೇ ಮಾಡಿಸಿ. ನೆರೆಯ ನಂತರ ಸಹಿ ಹಾಕಬೇಕಾದ ನಾಲ್ಕು ಜನ ನಾಲ್ಕು ಊರಲ್ಲಿರುತ್ತಾರೆ.

ಗುಳೆ ಹೋದವರ ಬೀಗ ಹಾಕಿದ ಮನೆ?

ಹೊರಗಿನಿಂದ ಅಳೆಯಿರಿ, ಪಕ್ಕದ ಮನೆಯವರ ಮುಂದೆ ಚಿತ್ರ ತೆಗೆಯಿರಿ, ಫೋನ್ ಮಾಡಿ ಉಳಿದದ್ದು ಕೇಳಿ. ಬೀಗ ಇದೆ ಎಂದು ಮುಂದೆ ಹೋಗಬೇಡಿ.

ಪ್ರತಿ ಸಲ ಮುಳುಗುವ ಊರನ್ನು ಸ್ಥಳಾಂತರಿಸುವುದೇ ಒಳ್ಳೆಯದಲ್ಲವೇ?

ಕೆಲವು ಊರುಗಳಿಗೆ ಹೌದು. ಆದರೆ 2009ರ ನಂತರ ‘ಆಸರೆ’ ಯೋಜನೆಯಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಕಟ್ಟಿದ ಹೊಸ ಬಡಾವಣೆಗಳನ್ನು ನೋಡಿ ಬಂದು ಆಮೇಲೆ ತೀರ್ಮಾನಿಸಿ. ಜನ ವಾಸಕ್ಕೆ ಹೋಗದ ಮನೆಗಳು ಹಲವು ಕಡೆ ಪಾಳುಬಿದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ರಾಶಿ ಇಡಲು ಕೋಣೆಯಿಲ್ಲ, ಅಣ್ಣತಮ್ಮಂದಿರ ಮನೆ ಒಂದೊಂದು ದಿಕ್ಕಿಗೆ. ರೈತನಿಗೆ ಮನೆ ಎಂದರೆ ಮಲಗುವ ಕೋಣೆಯಷ್ಟೇ ಅಲ್ಲ ಎಂಬುದನ್ನು ನಕ್ಷೆ ಬರೆದವರು ಮರೆತಿದ್ದರು. ಸ್ಥಳಾಂತರದ ಮಾತು ಬಂದಾಗ ಹೊಸ ಜಾಗಕ್ಕೂ ಇದೇ ಎಂಟು ಅಂಶಗಳ ಅಳತೆ ಮಾಡಿಸಿ. ಹೊಲಕ್ಕೆ ನಡೆಯುವ ದೂರ, ಕೊಟ್ಟಿಗೆಯ ಜಾಗ, ಕುಡಿಯುವ ನೀರು ಈ ಮೂರನ್ನು ಅದಕ್ಕೆ ಸೇರಿಸಿ, ಗ್ರಾಮಸಭೆಯ ಠರಾವಿನಲ್ಲಿ ಬರೆಸಿ.

ಕೈಯಲ್ಲಿ ಸ್ವಲ್ಪವೇ ದುಡ್ಡಿದೆ. ಮೊದಲು ಯಾವುದಕ್ಕೆ ಹಾಕಬೇಕು?

ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ. ಅದಕ್ಕೆ ಬೇಕಾದದ್ದು ಮೈಬಲ ಮಾತ್ರ. ಒಮ್ಮೆಲೇ ಒಂದು ಬದಿಯಿಂದ ತೆಗೆಯದೆ ಎಲ್ಲ ಕಡೆ ಸಮನಾಗಿ ತೆಳುವಾಗಿಸುತ್ತಾ ಬನ್ನಿ. ನಂತರ ಮನೆಯ ಸುತ್ತ ಪರಸಿ ಹಾಸಿ, ಚರಂಡಿ ಬಿಡಿಸಿ. ಗೋಡೆಯ ಬುಡದ ಮೂರಡಿಯವರೆಗೆ ಸಂದಿಯ ಹಳೆ ಮಣ್ಣು ಕೆದಕಿ ಸುಣ್ಣದ ಗಾರೆ ತುಂಬಿಸಿ. ಮೂಲೆಗಳಿಗೆ ಮತ್ತು ಹೊಟ್ಟೆ ಬಂದ ಕಡೆ ಅನುಭವವುಳ್ಳ ಗೌಂಡಿಯಿಂದ ಅಡ್ಡಕಲ್ಲು ಹಾಕಿಸಿ. ಇಡೀ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಣ್ಣಿನ ಗಾರೆಯ ಗೋಡೆಗೆ ಅದು ಒಳ್ಳೆಯದಲ್ಲ. ಒಳಗೆ ಸೇರಿದ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಸಮೀಕ್ಷೆಗೆ ಸರಿಯಾದ ಕಾಲ ಯಾವುದು?

ಏಪ್ರಿಲ್, ಮೇ. ಗುಳೆ ಹೋದವರು ಜಾತ್ರೆ, ಮದುವೆಗೆ ಬಂದಿರುತ್ತಾರೆ, ಗೋಡೆ ಒಣಗಿರುತ್ತದೆ, ರೋಹಿಣಿ ಮಳೆಗೆ ಮೊದಲು ದುರಸ್ತಿಗೆ ಸಮಯವಿರುತ್ತದೆ. ಸಮೀಕ್ಷೆಯ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ತಹಶೀಲ್ದಾರ್ ಕಚೇರಿಯಲ್ಲಿ ಇರಲಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಒಂದು ಕಳಿಸಿ ಸ್ವೀಕೃತಿ ಪಡೆಯಿರಿ.

ನೀರು ಇಳಿದ ಮನೆಯೊಳಗೆ ಯಾವಾಗ ಹೋಗಬಹುದು? ಗೋಡೆ ಒಣಗಿದೆ ಎಂದು ತಿಳಿಯುವುದು ಹೇಗೆ?

ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಹೊಸ ಬಿರುಕು, ಹೊಸ ಹೊಟ್ಟೆ, ಬುನಾದಿಯ ಕೆಳಗೆ ಕೊರೆದ ಗುಂಡಿ, ಜಗ್ಗಿದ ಮಾಳಿಗೆ ಇವುಗಳಲ್ಲಿ ಒಂದು ಕಂಡರೂ ಒಳಗೆ ಹೋಗಬೇಡಿ, ಮಕ್ಕಳನ್ನು ಗೋಡೆಯ ನೆರಳಿಗೂ ಬಿಡಬೇಡಿ. ಏನೂ ಕಾಣದಿದ್ದರೆ ವಿದ್ಯುತ್ ಕಡಿತವಾಗಿದೆ ಎಂದು ಖಚಿತಪಡಿಸಿಕೊಂಡು ಹಗಲಿನಲ್ಲಿ ಹೋಗಿ, ಕೆಸರು ಬಳಿದು, ಬಾಗಿಲು ಕಿಟಕಿ ತೆರೆದಿಡಿ. ಮೂಲೆಯಲ್ಲಿ, ಪೆಟ್ಟಿಗೆಯ ಹಿಂದೆ ಹಾವು ಚೇಳು ಸೇರಿಕೊಂಡಿರುತ್ತವೆ, ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಮಾಳಿಗೆ ಮನೆಯಾದರೆ ಮೊದಲ ಎರಡು ವಾರ ರಾತ್ರಿ ಒಳಗೆ ಮಲಗದಿರುವುದು ಮೇಲು. ದಪ್ಪ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಬೇಕು. ಗೋಡೆಯ ಬುಡಕ್ಕೆ ಒಂದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಬಿಗಿಯಾಗಿ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ, ಸುಣ್ಣ ಬಳಿಯಲು ಇನ್ನಷ್ಟು ದಿನ ಕಾಯಿರಿ.